ಶಾಲೆ ಮುಚ್ಚುವ ಮೊದಲು

ಶಿಕಾಗೋದಲ್ಲಿ ಒಂದು ಸರ್ಕಾರಿ ಶಾಲೆಯನ್ನು ಮುಚ್ಚುವ ಮೊದಲು ಏನೇನು ಮಾಡಬೇಕು ಎಂದು ಇಲಿನಾಯ್ ರಾಜ್ಯ 2011ರಲ್ಲಿ ಕಾನೂನು ಮಾಡಿತು. ಡಿಸೆಂಬರ್ 1ರೊಳಗೆ ಶಾಲೆಗಳ ಹೆಸರು ತಿಳಿಸಬೇಕು, ಜನರ ಮಾತು ಕೇಳಲು ಸಭೆ ಕರೆಯಬೇಕು, ಕಟ್ಟಡಗಳಿಗೆ ಹತ್ತು ವರ್ಷದ ಯೋಜನೆ ಇರಬೇಕು. ಇದನ್ನು ಓದಿದಾಗ ನನಗೆ ತುಂಬಾ ನ್ಯಾಯವಾಗಿದೆ ಅನ್ನಿಸಿತು.

ಆದರೆ 2012ರಲ್ಲಿ ಶಾಸಕರೇ ಆ ಗಡುವನ್ನು 2013ರ ಮಾರ್ಚ್ 31ಕ್ಕೆ ಮುಂದೂಡಿದರು. ಮಾರ್ಚ್‌ನಲ್ಲಿ ದೊಡ್ಡ ಪಟ್ಟಿ ಬಂತು. ಮಕ್ಕಳು ಕಡಿಮೆ, ಖಾಲಿ ಕೊಠಡಿ ಹೆಚ್ಚು, ಹಣವಿಲ್ಲ ಎಂಬುದು ನಗರ ಕೊಟ್ಟ ಕಾರಣ. ತಂದೆತಾಯಂದಿರು, ಶಿಕ್ಷಕರು ಸಭೆಗಳಲ್ಲಿ ಬೇಡ ಎಂದರು. ವಿಚಾರಣೆ ನಡೆಸಿದ ಅಧಿಕಾರಿಗಳೂ ಕೆಲವು ಶಾಲೆಗಳನ್ನು ಮುಚ್ಚಬಾರದೆಂದು ಬರೆದರು. ಆದರೂ ಮೇ 22ರಂದು ಶಾಲಾ ಮಂಡಳಿ ಸುಮಾರು 50 ಶಾಲೆಗಳನ್ನು ಮುಚ್ಚಲು ಒಪ್ಪಿತು. ಅಲ್ಲಿ ಓದುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಮಕ್ಕಳು.

ಹೀಗೇಕಾಯಿತು? 1995ರ ಕಾನೂನಿನಂತೆ ಮಂಡಳಿಯನ್ನು ಮೇಯರ್ ನೇಮಿಸುತ್ತಿದ್ದರು. ಜನ ಮಾತಾಡಬಹುದಿತ್ತು, ಮಂಡಳಿಯನ್ನು ಬದಲಿಸುವಂತಿರಲಿಲ್ಲ. 2021ರ ಕಾನೂನು ಅದನ್ನು ತಿದ್ದಿತು. 2025ರ ಜನವರಿವರೆಗೆ ಶಾಲೆ ಮುಚ್ಚುವುದನ್ನೂ ತಡೆಯಿತು. 2024ರ ನವೆಂಬರ್‌ನಲ್ಲಿ 21 ಸದಸ್ಯರ ಪೈಕಿ 10 ಮಂದಿಯನ್ನು ಮತದಾರರೇ ಆರಿಸಿದರು.

ಕೇಳಿಸಿಕೊಳ್ಳುವುದು ಬೇರೆ, ಕಿವಿಗೊಡುವುದು ಬೇರೆ ಎಂದು ಈ ಇತಿಹಾಸದಿಂದ ನಾನು ಕಲಿತೆ. ನನಗೆ ಹದಿನಾರು ವರ್ಷ, ಮತ ಹಾಕಲು ಇನ್ನೂ ಎರಡು ವರ್ಷ ಕಾಯಬೇಕು. ಹಿರಿಯರಾದ ನಿಮ್ಮಲ್ಲಿ ನನ್ನದೊಂದು ವಿನಂತಿ: ಮತವಿದ್ದರೆ ಶಾಲಾ ಮಂಡಳಿಯ ಚುನಾವಣೆಯನ್ನು ಬಿಡಬೇಡಿ. ಇಲ್ಲದಿದ್ದರೂ ಸಭೆಗೆ ಹೋಗಿ ಮಾತಾಡಿ. ಮಾತಾಡಲು ಮತದ ಹಕ್ಕು ಬೇಕಿಲ್ಲ.