ಲೀ ನದಿಯ ಕಣಿವೆ: ಒಂದು ಉದ್ಯಾನದ ಚರಿತ್ರೆ

ಊರು ನದಿಯ ದಡದಲ್ಲಿ ಹುಟ್ಟುತ್ತದೆ. ಬೆಳೆದ ಮೇಲೆ ನದಿಗೆ ಬೆನ್ನು ತಿರುಗಿಸುತ್ತದೆ. ಕುಡಿಯುವ ನೀರು ಕೊಳಾಯಿಯಲ್ಲಿ ಬರಲು ಮೊದಲಾದೊಡನೆ ಹೊಳೆಯ ದಂಡೆ ಊರಿಗೆ ಹಿತ್ತಿಲಾಗುತ್ತದೆ. ಬೇಡವಾದುದೆಲ್ಲವೂ ಅಲ್ಲಿಗೆ ಹೋಗಿ ಬೀಳುತ್ತದೆ. ಇಂತಹ ಹಿತ್ತಿಲನ್ನು ಮತ್ತೆ ಅಂಗಳವನ್ನಾಗಿ ಮಾಡಬೇಕಾದರೆ ಏನೇನು ಬೇಕೆಂಬುದಕ್ಕೆ ಲಂಡನ್ ನಗರದ ಪೂರ್ವಭಾಗದಲ್ಲಿ ಹರಿಯುವ ಲೀ ನದಿಯ ಚರಿತ್ರೆ ಒಂದು ಒಳ್ಳೆಯ ನಿದರ್ಶನ. ಅದನ್ನು ಈ ಹೊತ್ತು ನಾವು ಸಂಗ್ರಹವಾಗಿ ಪರಿಶೀಲಿಸೋಣ.

ಲೀ ದೊಡ್ಡ ನದಿಯೇನೂ ಅಲ್ಲ. ಲೂಟನ್ ಪಟ್ಟಣದ ಬಳಿ ಹುಟ್ಟಿ, ಹರ್ಟ್‌ಫರ್ಡ್ ಸೀಮೆಯನ್ನು ಹಾದು, ದಕ್ಷಿಣಕ್ಕೆ ತಿರುಗಿ ಥೇಮ್ಸ್ ನದಿಯನ್ನು ಸೇರುತ್ತದೆ. 1653ರಲ್ಲಿ ಐಸಾಕ್ ವಾಲ್ಟನ್ ಮೀನು ಹಿಡಿಯುವ ಕಲೆಯನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಹೊಳೆಯ ದಡದ ಸುಖವಿದೆ. ಆದರೆ ಆ ನೆಮ್ಮದಿ ಉಳಿಯಲಿಲ್ಲ. 1787ರಲ್ಲಿ ಸರ್ಕಾರದವರು ವಾಲ್ಥಮ್ ಆಬೆಯ ಮದ್ದಿನ ಕಾರ್ಖಾನೆಯನ್ನು ಕೊಂಡರು. ಮುಂದೆ ಎನ್‌ಫೀಲ್ಡಿನಲ್ಲಿ ಬಂದೂಕಿನ ಕಾರ್ಖಾನೆ ಎದ್ದಿತು. 1857ರ ದಂಗೆಯ ಕಾಲದಲ್ಲಿ ನಮ್ಮ ದೇಶದಲ್ಲಿ ಮನೆಮಾತಾದ ಎನ್‌ಫೀಲ್ಡ್ ಬಂದೂಕಿನ ಹೆಸರು ಈ ಊರಿನದೇ.

ಕೆಳದಂಡೆಯ ಪಾಡು ಇನ್ನೂ ಕಷ್ಟದ್ದು. ಮಿಡ್ಲ್‌ಸೆಕ್ಸ್, ಎಸೆಕ್ಸ್ ಎಂಬ ಎರಡು ಸೀಮೆಗಳಿಗೆ ಈ ನದಿಯೇ ಎಲ್ಲೆಯಾಗಿತ್ತು. ಲಂಡನ್ನಿನ ಕಟ್ಟುಪಾಡುಗಳು ಆಚೆಯ ದಡವನ್ನು ಮುಟ್ಟುತ್ತಿರಲಿಲ್ಲವಾಗಿ, ದುರ್ಗಂಧದ ಕಸುಬುಗಳಿಗೆ ಅಲ್ಲಿ ಎಡೆ ದೊರೆಯಿತು. 1851ರಲ್ಲಿ ಸುಮಾರು 19,000 ಜನರಿದ್ದ ವೆಸ್ಟ್ ಹ್ಯಾಮ್ 1901ರ ಹೊತ್ತಿಗೆ 2,67,000 ಜನರ ಊರಾಯಿತು. ಇದರ ನಡುವೆ, 1866ರಲ್ಲಿ, ಲೀ ನದಿಯ ಕಲುಷಿತ ಜಲ ಕುಡಿಯುವ ನೀರಿನ ಜಲಾಶಯವನ್ನು ಹೊಕ್ಕು ಕಾಲರಾ ಹರಡಿತು. ಲಂಡನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅಸಡ್ಡೆಗೆ ಊರು ತೆತ್ತ ಬೆಲೆ ಇದು.

ದಂಡೆಯನ್ನು ಜನರಿಗೆ ಮರಳಿಸುವ ಕೆಲಸ ತುಣುಕುತುಣುಕಾಗಿ ಮೊದಲಾಯಿತು. 1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲಿನವರು ಹ್ಯಾಕ್ನಿಯ ಜೌಗುನೆಲವನ್ನು ಕೊಂಡು ಸಾರ್ವಜನಿಕರಿಗೆ ಬಿಟ್ಟರು. ಕಣಿವೆಯನ್ನು ಒಟ್ಟಾಗಿ ಕಂಡವರು ಪ್ಯಾಟ್ರಿಕ್ ಅಬರ್‌ಕ್ರೋಂಬಿ. ಯುದ್ಧದ ಬಾಂಬುಗಳು ಬೀಳುತ್ತಿದ್ದಾಗಲೇ, 1944ರಲ್ಲಿ, ಅವರು ಸಿದ್ಧಪಡಿಸಿದ ಬೃಹತ್ ಲಂಡನ್ ಯೋಜನೆಯಲ್ಲಿ ಲೀ ಕಣಿವೆಯ ಉದ್ಧಾರಕ್ಕೆ ಸಲಹೆಯಿತ್ತು.

ಸಲಹೆಯನ್ನು ಎಲ್ಲರೂ ಮೆಚ್ಚಿದರು, ಕೈಗೆತ್ತಿಕೊಂಡವರಿಲ್ಲ. ಕಾರಣ ಸರಳ. ನದಿ ಹಲವು ಪುರಸಭೆಗಳ ಅಂಚಿನಲ್ಲಿ ಹರಿಯುತ್ತಿತ್ತು. ಎಲ್ಲರ ಅಂಚಾದುದು ಯಾರೊಬ್ಬರ ಹೊಣೆಯೂ ಆಗಲಿಲ್ಲ. 1961ರಲ್ಲಿ ಹ್ಯಾಕ್ನಿಯ ಮೇಯರ್ ಲೂ ಷರ್ಮನ್ ಅಬರ್‌ಕ್ರೋಂಬಿಯ ಮಾತನ್ನು ಮತ್ತೆ ಎತ್ತಿ, ಕಣಿವೆಯ ಸ್ಥಳೀಯ ಸಂಸ್ಥೆಗಳನ್ನು ಒಂದುಗೂಡಿಸಿದರು. 1964ರಲ್ಲಿ ಸಿವಿಕ್ ಟ್ರಸ್ಟ್ ವಿವರವಾದ ವರದಿಯನ್ನು ಒಪ್ಪಿಸಿತು. 1966ರಲ್ಲಿ ಪಾರ್ಲಿಮೆಂಟು ಶಾಸನವನ್ನು ಮಾಡಿತು. 1967ರ ಜನವರಿ 1ರಂದು ಲೀ ಕಣಿವೆ ಪ್ರಾಂತೀಯ ಉದ್ಯಾನದ ಪ್ರಾಧಿಕಾರ ಕಾರ್ಯಾರಂಭ ಮಾಡಿತು. ಅದರ ಎಲ್ಲೆ ವೇರ್ ಪಟ್ಟಣದಿಂದ ಥೇಮ್ಸ್ ತನಕ 26 ಮೈಲಿ. ವಿಸ್ತಾರ ಸುಮಾರು 10,000 ಎಕರೆ.

ಈ ಶಾಸನದ ಜೀವಾಳವಿರುವುದು ಹಣದ ಏರ್ಪಾಡಿನಲ್ಲಿ. ನದಿಯ ದಡದವರಷ್ಟೇ ಅಲ್ಲ, ಲಂಡನ್, ಎಸೆಕ್ಸ್, ಹರ್ಟ್‌ಫರ್ಡ್ ಈ ಮೂರು ಪ್ರದೇಶಗಳ ತೆರಿಗೆದಾರರೆಲ್ಲರೂ ಪಾಲು ಕೊಡಬೇಕೆಂದು ಗೊತ್ತಾಯಿತು. ನಾವು ಕಾಣದ ಹೊಳೆಗೆ ನಾವೇಕೆ ತೆರಬೇಕೆಂದು ದೂರದ ಬಡಾವಣೆಗಳವರು ಗೊಣಗಿದ್ದುಂಟು. ಅವರ ಮಾತು ತೀರ ಅನ್ಯಾಯವೆನ್ನುವಂತಿಲ್ಲ. ಆದರೆ ನದಿಯನ್ನು ಕೆಡಿಸಿದ್ದು ದಡದವರು ಮಾತ್ರವಲ್ಲ. ಇಡೀ ನಗರದ ಬೆಳವಣಿಗೆಯ ಕೊಳೆಯನ್ನು ಅದು ಹೊತ್ತಿತ್ತು. ಕೆಡಿಸಿದವರೆಲ್ಲರೂ ಕೂಡಿಯೇ ನೇರ್ಪಡಿಸಬೇಕೆಂಬುದು ನ್ಯಾಯವೆಂದು ನಮಗೆ ತೋರುತ್ತದೆ.

ಫಲ ಕಣ್ಣಿಗೆ ಕಾಣುತ್ತದೆ. ಮರಳು, ಜಲ್ಲಿಗಳನ್ನು ತೋಡಿದ ಹೊಂಡಗಳು ಕೆರೆಗಳಾಗಿ ನೀರುಹಕ್ಕಿಗಳಿಗೆ ಆಶ್ರಯವಾಗಿವೆ. ಯುದ್ಧದಲ್ಲಿ ಕುಸಿದ ಮನೆಗಳ ಇಟ್ಟಿಗೆ ಚೂರುಗಳಿಂದ ಎತ್ತರಿಸಿದ ಹ್ಯಾಕ್ನಿಯ ನೆಲದಲ್ಲಿ ಹುಡುಗರು ಕಾಲ್ಚೆಂಡಾಡುತ್ತಾರೆ. 2012ರ ಒಲಿಂಪಿಕ್ ಕ್ರೀಡೆಗಳ ಮುಖ್ಯ ಕ್ರೀಡಾಂಗಣ ಕೆಳದಂಡೆಯ ಹಳೆಯ ಕಾರ್ಖಾನೆಗಳ ನೆಲದಲ್ಲಿಯೇ ಎದ್ದಿತು. 2017ರಲ್ಲಿ ವಾಲ್ಥಮ್‌ಸ್ಟೋವಿನ ಜಲಾಶಯಗಳ ದಂಡೆಯನ್ನು ಸಾರ್ವಜನಿಕರಿಗೆ ತೆರೆದರು. ಆದರೂ ಹೊಳೆಯ ನೀರು ಇಂದಿಗೂ ಪೂರ್ತಿ ಶುದ್ಧವಾಗಿಲ್ಲ. ದಡ ಹಸುರಾಯಿತೆಂದು ನೀರು ತಾನಾಗಿ ತಿಳಿಯಾಗುವುದಿಲ್ಲ.

ಸಲಹೆಯಿಂದ ಶಾಸನದ ತನಕ ಇಪ್ಪತ್ತೆರಡು ವರ್ಷಗಳು ಹಿಡಿದುವು. ಬೆಳೆಯುತ್ತಿರುವ ಪಟ್ಟಣಗಳು ಇದನ್ನು ಗಮನಿಸಬೇಕು. ಬೆಂಗಳೂರಿನ ವೃಷಭಾವತಿಯನ್ನು ಕಂಡವರಿಗೆ ನಾವು ಹೆಚ್ಚು ಹೇಳಬೇಕಾದುದಿಲ್ಲ. ಅದರ ದಡದಲ್ಲಿಯೂ ಒಂದು ಉದ್ಯಾನವನ್ನು ಬಯಸುವುದು ಸುಲಭ, ನಕ್ಷೆಯನ್ನು ಬರೆಯುವುದೂ ಸುಲಭ. ಆದರೆ ಹೊಳೆ ಹಾಯುವ ಊರುಗಳೆಲ್ಲ ಒಂದೇ ಮಂಡಲಿಯಲ್ಲಿ ಕುಳಿತು, ಒಂದೇ ಥೈಲಿಗೆ ಹಣ ಹಾಕಿ, ಮೊದಲು ನೀರನ್ನೂ ಆಮೇಲೆ ದಡವನ್ನೂ ನೋಡಿಕೊಳ್ಳಲು ಒಪ್ಪಬೇಕು. ಆ ಒಪ್ಪಂದವಾದ ದಿನವೇ ಉದ್ಯಾನದ ಮೊದಲ ಸಸಿಯನ್ನು ನೆಟ್ಟಂತೆ.