ಆದಿ ಉಡುಪಿಯ ಬೈಲೂ ಇಂದ್ರಾಣಿಯ ತಡೆಗೋಡೆಯೂ

ಊರಿನ ಪೂರ್ವವೃತ್ತಾಂತವನ್ನು ಶಾಸನಗಳಲ್ಲಿ ಮಾತ್ರವೇ ಹುಡುಕಬೇಕೆಂದಿಲ್ಲ. ಸ್ಥಳನಾಮಗಳಲ್ಲಿಯೂ ಅದು ಅಡಗಿರುವುದುಂಟು. ಆದಿ ಉಡುಪಿಯ ಆಸುಪಾಸಿನಲ್ಲಿ ಬೈಲಕೆರೆ, ಗುಂಡಿಬೈಲು, ಕಲ್ಸಂಕ ಎಂಬ ಹೆಸರುಗಳಿವೆ. ಕಲ್ಸಂಕವೆಂದರೆ ಕಲ್ಲಿನ ಸಂಕ. ಸಂಕವಿದ್ದಲ್ಲಿ ನೀರಿನ ಹರಿವು ಇದ್ದೇ ಇರಬೇಕಷ್ಟೆ.

ತುಳುನಾಡಿನ ಒಕ್ಕಲಿಗರು ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ಎಲ್ಲಕ್ಕಿಂತ ತಗ್ಗಾದದ್ದು ಬೈಲು. ನೀರು ಸದಾ ನಿಲ್ಲುವುದರಿಂದ ಅದರಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳೂ ಸಾಧ್ಯವಾಗುತ್ತಿದ್ದವು. ಮನೆಗಳನ್ನು ಎತ್ತರದ ಅಂಚಿನಲ್ಲಿ ಕಟ್ಟಿ, ತಗ್ಗನ್ನು ಪೈರಿಗೂ ನೀರಿಗೂ ಬಿಡುವುದು ರೂಢಿ. ಆಷಾಢದಲ್ಲಿ ತೋಡು ಉಕ್ಕಿದರೆ ಗದ್ದೆಯೇ ಕೆರೆಯಾಗಿ ನೀರನ್ನು ಹಿಡಿದಿಟ್ಟು, ಹುಣಿಗಳ ಕಂಡಿಯಿಂದ ಮೆಲ್ಲಗೆ ಕೆಳಕ್ಕೆ ಬಿಡುತ್ತಿತ್ತು. ಮಳೆಗಾಲ ತೀರಿದ ಮೇಲೆ ಮಣ್ಣುಕಲ್ಲುಗಳಿಂದ ಕಟ್ಟ ಕಟ್ಟುವರು. ಮುಂದಿನ ಮಳೆಗೆ ಅದು ತೊಲಗಿಹೋಗುವುದು. ನೆರೆಯನ್ನು ತಡೆಯುವುದಕ್ಕಿಂತ ಅದಕ್ಕೆ ಎಡೆ ಕೊಡುವುದೇ ಆ ಪದ್ಧತಿಯ ಮರ್ಮವಾಗಿತ್ತು.

ಮಣಿಪಾಲದ ತಪ್ಪಲಿನ ಇಂದ್ರಾಣಿಯಿಂದ ಹೊರಟ ಹೊಳೆಯು ಕಲ್ಸಂಕವನ್ನು ದಾಟಿ, ಕೊಡವೂರು ಕಲ್ಮಾಡಿಗಳ ಮೇಲೆ ಮಲ್ಪೆಯ ಕಡಲಿಗೆ ಸೇರುತ್ತದೆ. ಪೇಟೆ ಬೆಳೆದಂತೆ ಅದರ ದಂಡೆಯ ಬೈಲುಗಳಿಗೆ ಮಣ್ಣು ತುಂಬಿ ಮನೆಗಳೂ ಅಂಗಡಿಗಳೂ ಎದ್ದವು. ಗದ್ದೆ ಹೋಯಿತು, ಹೊಳೆಯು ಮಾತ್ರ ಉಳಿಯಿತು, ಅದೂ ಹಲವೆಡೆ ಚರಂಡಿಯ ರೂಪದಲ್ಲಿ.

ಇದರ ಫಲವು 2020ನೆಯ ಇಸವಿ ಸೆಪ್ಟೆಂಬರ್ 20ನೆಯ ಆದಿತ್ಯವಾರ ಪ್ರತ್ಯಕ್ಷವಾಯಿತು. ಒಂದು ಅಹೋರಾತ್ರದಲ್ಲಿ ಜಿಲ್ಲೆಯಲ್ಲಿ ಸರಾಸರಿ 300 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದಿತು. 300 ಮಿಲಿಮೀಟರೆಂದರೆ ಎಕರೆಯೊಂದಕ್ಕೆ ಸುಮಾರು 12 ಲಕ್ಷ ಲೀಟರು ನೀರು. ಮಹಾಲಯ ಅಮಾವಾಸ್ಯೆ ಕಳೆದು ಮೂರೇ ದಿನವಾಗಿದ್ದಿತು. ಅಮಾವಾಸ್ಯೆಯ ಸುತ್ತಿನ ದಿನಗಳಲ್ಲಿ ಭರತವು ಹೆಚ್ಚು, ಭರತದ ಹೊತ್ತಿನಲ್ಲಿ ಹೊಳೆಯ ನೀರು ಕಡಲಿಗೆ ಸುಲಭವಾಗಿ ಇಳಿಯದು. ಬೈಲಕೆರೆ ಮುಳುಗಿತು, ಕೃಷ್ಣಮಠದ ವಾಹನ ನಿಲ್ದಾಣದವರೆಗೂ ನೀರು ಬಂದಿತು, ಅನೇಕರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ನೇತ್ರಾವತಿಯ 1923ರ ನೆರೆಯನ್ನು ಹಿರಿಯರು ಮಾರಿಬೊಳ್ಳವೆಂದು ಕರೆದರು. ಅದು ಮಹಾನದಿಯ ಕೋಪ. ಇದಾದರೋ ದಾಟಲು ಒಂದು ಸಂಕ ಸಾಕಾಗುವ ತೋಡಿನದು.

ಆಮೇಲೆ ಇಂದ್ರಾಣಿಗೆ ತಡೆಗೋಡೆ ಬೇಕೆಂಬ ಕೂಗು ಬಲವಾಯಿತು. ಗೋಡೆ ತುಂಡುತುಂಡಾಗಿ ಏಳುವುದಾದರೆ ಕೆಲಸ ಎಷ್ಟು ಮುಂದುವರಿಯಿತೆಂಬುದನ್ನು ಬರಿಯ ಗಜದಳತೆಯಿಂದ ತಿಳಿಯಲಾಗದು. ಮೇಲಿನ ದಂಡೆಗೆ ಗೋಡೆಯಾದರೆ ಹರಡುತ್ತಿದ್ದ ನೀರು ವೇಗದಿಂದ ಕೆಳಗಿನ ಗೋಡೆಯಿಲ್ಲದ ಮನೆಗೆ ನುಗ್ಗುವುದು. ಪಕ್ಕದ ಬೈಲಿನ ಮಳೆನೀರು ಹೊಳೆಗಿಳಿಯಲು ಕಂಡಿಯಿಲ್ಲದಿದ್ದರೆ ಗೋಡೆಯ ಹಿಂದೆಯೇ ಅದು ನಿಲ್ಲುವುದು. ಆದಕಾರಣ ಕೆಲಸವು ಕಡಲ ಕಡೆಯಿಂದ ಮೇಲಕ್ಕೆ ಬರುವುದು ಯುಕ್ತ. ಮೊದಲು ಹೂಳೆತ್ತಿ ಅಳಿವೆಯ ದಾರಿಯನ್ನು ಬಿಡಿಸಿ, ಆಮೇಲೆ ದಂಡೆಯನ್ನು ಬಲಪಡಿಸಬೇಕು. ಉಳಿದಿರುವ ಗದ್ದೆಗಳನ್ನಾದರೂ ಮಣ್ಣು ತುಂಬದೆ ಬಿಡುವುದು ಗೋಡೆಯಷ್ಟೇ ಮುಖ್ಯವಾದರೂ ಅದಕ್ಕೆ ಶಿಲಾನ್ಯಾಸವಿಲ್ಲವಾದ್ದರಿಂದ ಯಾರಿಗೂ ಅದರ ನೆನಪಾಗುವುದಿಲ್ಲ.

2024ರ ಜುಲೈ ತಿಂಗಳಿನಲ್ಲಿ ಕಲ್ಸಂಕ, ಬೈಲಕೆರೆಗಳಿಗೆ ನೀರು ಪುನಃ ಬಂದಿತು.