ಐಎನ್‌ಎಸ್ ಮೈಸೂರು (ಸಿ60)

ಐಎನ್‌ಎಸ್ ಮೈಸೂರು ಭಾರತೀಯ ನೌಕಾಪಡೆಯಲ್ಲಿ 1957ರಿಂದ 1985ರವರೆಗೆ ಸೇವೆ ಸಲ್ಲಿಸಿದ ಕ್ರೂಸರ್ ವರ್ಗದ ಯುದ್ಧನೌಕೆ. ಬ್ರಿಟಿಷ್ ನೌಕಾಪಡೆಗಾಗಿ ನಿರ್ಮಾಣವಾದ ಈ ಹಡಗು ಎರಡನೆಯ ಮಹಾಯುದ್ಧದಲ್ಲಿ ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಿಂದ ಆರ್ಕ್ಟಿಕ್ ಸಾಗರ, ಮೆಡಿಟರೇನಿಯನ್ ಸಮುದ್ರ ಹಾಗೂ ಹಿಂದೂ ಮಹಾಸಾಗರಗಳಲ್ಲಿ ಕಾದಾಡಿತು. 1954ರಲ್ಲಿ ಭಾರತವು ಇದನ್ನು ಕೊಂಡು, ಮೈಸೂರು ರಾಜ್ಯದ ಹೆಸರನ್ನಿಟ್ಟಿತು. 1961ರ ಗೋವಾ ವಿಮೋಚನಾ ಕಾರ್ಯಾಚರಣೆಯಲ್ಲಿ ಕಾರವಾರದ ಸಮೀಪದ ಅಂಜುದೀವ್ ದ್ವೀಪವನ್ನು ವಶಪಡಿಸಿಕೊಂಡ ಎರಡು ನೌಕೆಗಳಲ್ಲಿ ಇದೂ ಒಂದು. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಇದು ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿತ್ತು.

ನಿರ್ಮಾಣ ಮತ್ತು ರಚನೆ

ಬ್ರಿಟನ್ನಿನ ಅಧೀನದಲ್ಲಿದ್ದ ವಸಾಹತುಗಳ ಹೆಸರುಗಳನ್ನು ಪಡೆದ 'ಕ್ರೌನ್ ಕಾಲೊನಿ' ವರ್ಗದ ಹಗುರ ಕ್ರೂಸರುಗಳಲ್ಲಿ ನೈಜೀರಿಯಾ ಒಂದು. ನ್ಯೂಕ್ಯಾಸಲ್‌ನ ವಿಕರ್ಸ್–ಆರ್ಮ್‌ಸ್ಟ್ರಾಂಗ್ಸ್ ಹಡಗುಕಟ್ಟೆಯಲ್ಲಿ 1938ರ ಫೆಬ್ರುವರಿ 8ರಂದು ಇದರ ನಿರ್ಮಾಣ ಆರಂಭವಾಯಿತು. 1939ರ ಜುಲೈ 18ರಂದು ಹಡಗನ್ನು ನೀರಿಗಿಳಿಸಲಾಯಿತು. ಅದಾದ ಆರು ವಾರಗಳಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾಯಿತು. 1940ರ ಸೆಪ್ಟೆಂಬರ್ 23ರಂದು ಅದು ಸೇವೆಗೆ ಸೇರಿತು.

ಹಡಗಿನ ಉದ್ದ ಸುಮಾರು 169 ಮೀಟರ್. ಪೂರ್ಣ ಭಾರ ಹೊತ್ತಾಗ ಅದರ ತೂಕ ಸುಮಾರು 11,000 ಟನ್. ಬಾಯ್ಲರುಗಳಲ್ಲಿ ಕುಲುಮೆ ಎಣ್ಣೆಯನ್ನು ಉರಿಸಿ ಉತ್ಪಾದಿಸಿದ ಹಬೆಯಿಂದ ಟರ್ಬೈನುಗಳು ತಿರುಗುತ್ತಿದ್ದವು. 30 ನಾಟಿಗೂ ಹೆಚ್ಚಿನ ವೇಗ ಸಾಧ್ಯವಿತ್ತು. ಆರಂಭದಲ್ಲಿ ನಾಲ್ಕು ಗೋಪುರಗಳಲ್ಲಿ ಮೂರು ಮೂರರಂತೆ ಆರು ಅಂಗುಲದ ಹನ್ನೆರಡು ಫಿರಂಗಿಗಳಿದ್ದವು. ಭಾರತೀಯ ಸೇವೆಯಲ್ಲಿ ಮೂರು ಗೋಪುರಗಳು, ಒಂಬತ್ತು ಫಿರಂಗಿಗಳು ಮಾತ್ರ ಉಳಿದಿದ್ದವು. ಪ್ರತಿ ಗುಂಡಿನ ತೂಕ ಸುಮಾರು 51 ಕಿಲೋಗ್ರಾಂ; ಅದು 23 ಕಿಲೋಮೀಟರ್ ದೂರದವರೆಗೆ ತಲುಪಬಲ್ಲದಾಗಿತ್ತು. ವಿಮಾನಗಳನ್ನು ಎದುರಿಸಲು ನಾಲ್ಕು ಅಂಗುಲದ ಎಂಟು ಫಿರಂಗಿಗಳನ್ನು ಜೋಡಿಯಾಗಿ ಅಳವಡಿಸಲಾಗಿತ್ತು.

ಎರಡನೆಯ ಮಹಾಯುದ್ಧ

ಆರ್ಕ್ಟಿಕ್ ಸಾಗರ

1941ರ ಜೂನ್ 28ರಂದು ನೈಜೀರಿಯಾ ಮತ್ತು ಮೂರು ಡೆಸ್ಟ್ರಾಯರುಗಳಿದ್ದ ತಂಡವು ಯಾನ್ ಮಾಯೆನ್ ದ್ವೀಪದ ಈಶಾನ್ಯಕ್ಕೆ 'ಲಾವೆನ್‌ಬುರ್ಗ್' ಎಂಬ ಜರ್ಮನ್ ಹಡಗನ್ನು ಹಿಡಿಯಿತು. ಮೀನುಗಾರಿಕೆಯ ಹಡಗಿನಂತಿದ್ದ ಅದು ಹವಾಮಾನದ ವರದಿಗಳನ್ನು ರವಾನಿಸುವ ಕೆಲಸಕ್ಕೆ ನಿಯೋಜಿತವಾಗಿತ್ತು. ಡೆಸ್ಟ್ರಾಯರ್ 'ಟಾರ್ಟರ್'ನ ನಾವಿಕರು ಅದನ್ನು ಹತ್ತಿ ವಶಪಡಿಸಿಕೊಂಡ ಸಂಕೇತ ಪತ್ರಗಳು ಜರ್ಮನ್ ನೌಕಾಪಡೆಯ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವಲ್ಲಿ ಬ್ಲೆಚ್ಲಿ ಪಾರ್ಕ್‌ನ ತಜ್ಞರಿಗೆ ನೆರವಾದವು.

ಅದೇ ವರ್ಷದ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ರಿಯರ್ ಅಡ್ಮಿರಲ್ ಫಿಲಿಪ್ ವಿಯಾನ್ ನೇತೃತ್ವದಲ್ಲಿ ನೈಜೀರಿಯಾ ಮತ್ತು 'ಅರೋರಾ' ಕ್ರೂಸರುಗಳು ಸ್ಪಿಟ್ಸ್‌ಬರ್ಗನ್ ದ್ವೀಪಗಳ ಕಾರ್ಯಾಚರಣೆಗೆ ಬೆಂಗಾವಲಾದವು. ಅಲ್ಲಿನ ನಿವಾಸಿಗಳನ್ನು ತೆರವುಗೊಳಿಸಿ, ಕಲ್ಲಿದ್ದಲು ಗಣಿಗಳು ಜರ್ಮನಿಗೆ ಉಪಯೋಗವಾಗದಂತೆ ನಾಶಪಡಿಸಲಾಯಿತು. ಮರಳುವ ದಾರಿಯಲ್ಲಿ, ಸೆಪ್ಟೆಂಬರ್ 7ರಂದು, ಎರಡೂ ಕ್ರೂಸರುಗಳು ಜರ್ಮನ್ ಬೆಂಗಾವಲು ನೌಕೆ 'ಬ್ರೆಮ್ಸೆ'ಯನ್ನು ಮುಳುಗಿಸಿದವು. ಈ ಕದನದಲ್ಲಿ ನೈಜೀರಿಯಾದ ಮೂತಿ ಜಖಂಗೊಂಡಿತು.

ಮಾಲ್ಟಾ ಬೆಂಗಾವಲು ಮತ್ತು ತೈಲನೌಕೆ ಒಹಾಯೊ

1942ರ ಬೇಸಿಗೆಯಲ್ಲಿ ಶತ್ರುಗಳ ಮುತ್ತಿಗೆಗೆ ಸಿಲುಕಿದ್ದ ಮಾಲ್ಟಾ ದ್ವೀಪದಲ್ಲಿ ಆಹಾರವೂ ಇಂಧನವೂ ಮುಗಿಯುತ್ತ ಬಂದಿದ್ದವು. ಇಂಧನ ಸಿಗದಿದ್ದರೆ ದ್ವೀಪ ಶರಣಾಗುವುದು ಖಚಿತವಾಗಿತ್ತು. ಹೀಗಾಗಿ 'ಪೆಡೆಸ್ಟಲ್' ಎಂಬ ಸಂಕೇತನಾಮದಲ್ಲಿ 14 ವಾಣಿಜ್ಯ ಹಡಗುಗಳ ಸಾಲನ್ನು ಬಲವಾದ ಬೆಂಗಾವಲಿನೊಂದಿಗೆ ಕಳುಹಿಸಲಾಯಿತು. ಅವುಗಳಲ್ಲಿ ದೊಡ್ಡ ತೈಲನೌಕೆ ಇದ್ದದ್ದು ಒಂದೇ: ಅಮೆರಿಕದಲ್ಲಿ ನಿರ್ಮಾಣವಾದ 'ಒಹಾಯೊ'. ಕೊನೆಯ ಹಾಗೂ ಅತಿ ಅಪಾಯದ ಹಾದಿಯಲ್ಲಿ ಸಾಲನ್ನು ಕರೆದೊಯ್ಯುವ ಹೊಣೆ ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಅವರದು. ನೈಜೀರಿಯಾ ಅವರ ಧ್ವಜನೌಕೆ.

ಆಗಸ್ಟ್ 12ರ ಸಂಜೆ ಟ್ಯುನೀಶಿಯಾದ ಉತ್ತರಕ್ಕೆ ಇಟಲಿಯ ಜಲಾಂತರ್ಗಾಮಿ 'ಆಕ್ಸುಮ್' ಒಟ್ಟಿಗೆ ನಾಲ್ಕು ಟಾರ್ಪೆಡೊಗಳನ್ನು ಹಾರಿಸಿತು. ನೈಜೀರಿಯಾ, ಕ್ರೂಸರ್ 'ಕೈರೊ' ಮತ್ತು ಒಹಾಯೊ ಮೂರೂ ಪೆಟ್ಟು ತಿಂದವು. ನೈಜೀರಿಯಾದಲ್ಲಿ 50ಕ್ಕೂ ಹೆಚ್ಚು ನಾವಿಕರು ಸತ್ತರು. ಕೈರೊ ಉಳಿಸಲಾಗದ ಸ್ಥಿತಿಯಲ್ಲಿದ್ದುದರಿಂದ ಅದನ್ನು ಸ್ವಪಕ್ಷದವರೇ ಮುಳುಗಿಸಬೇಕಾಯಿತು. ಬರೋ ತಮ್ಮ ಧ್ವಜವನ್ನು ಡೆಸ್ಟ್ರಾಯರ್ 'ಅಶಾಂಟಿ'ಗೆ ವರ್ಗಾಯಿಸಿದರು. ನೈಜೀರಿಯಾ ಸ್ವಂತ ಬಲದಿಂದಲೇ ಜಿಬ್ರಾಲ್ಟರಿಗೆ ಹಿಂದಿರುಗಿತು.

ಈ ಒಂದು ದಾಳಿಯ ಪರಿಣಾಮ ಮೂರು ಹಡಗುಗಳ ಹಾನಿಗಿಂತ ದೊಡ್ಡದಾಗಿತ್ತು. ರಕ್ಷಣೆಗೆ ಬರುವ ಯುದ್ಧವಿಮಾನಗಳಿಗೆ ರೇಡಿಯೊ ಮೂಲಕ ದಿಕ್ಕು ತೋರಿಸುವ ಸಾಧನಗಳು ಆ ಬೆಂಗಾವಲಿನಲ್ಲಿ ಇದ್ದದ್ದು ನೈಜೀರಿಯಾ ಮತ್ತು ಕೈರೊಗಳಲ್ಲಿ ಮಾತ್ರ. ಎರಡೂ ಏಕಕಾಲಕ್ಕೆ ಇಲ್ಲವಾದ್ದರಿಂದ ಮಾಲ್ಟಾದಿಂದ ಬಂದ ವಿಮಾನಗಳಿಗೆ ಮಾರ್ಗದರ್ಶನ ದೊರೆಯಲಿಲ್ಲ. ಚದುರಿದ ವಾಣಿಜ್ಯ ಹಡಗುಗಳು ಒಂದೊಂದಾಗಿ ಬಲಿಯಾದವು. ಹದಿನಾಲ್ಕರಲ್ಲಿ ಐದು ಮಾತ್ರ ಮಾಲ್ಟಾ ತಲುಪಿದವು. ಟಾರ್ಪೆಡೊ ಹಾಗೂ ಬಾಂಬುಗಳಿಂದ ಜರ್ಜರಿತವಾದ ಒಹಾಯೊ, ಎರಡು ಬದಿಗೂ ಡೆಸ್ಟ್ರಾಯರುಗಳ ಆಸರೆ ಪಡೆದು, ಆಗಸ್ಟ್ 15ರಂದು ಬಂದರನ್ನು ಸೇರಿತು. ಅದು ತಂದ ತೈಲದಿಂದ ದ್ವೀಪದ ಪ್ರತಿರೋಧ ಮುಂದುವರಿಯಿತು.

ಹಿಂದೂ ಮಹಾಸಾಗರ

ಅಮೆರಿಕದಲ್ಲಿ ದುರಸ್ತಿಯಾದ ನಂತರ ನೈಜೀರಿಯಾ ಸಿಂಹಳದ ತ್ರಿಂಕೋಮಲಿಯನ್ನು ನೆಲೆಯಾಗಿಸಿಕೊಂಡಿದ್ದ ಬ್ರಿಟಿಷ್ ಪೂರ್ವ ನೌಕಾಬಲವನ್ನು ಸೇರಿತು. ಆ ಹೊತ್ತಿಗೆ ಸುಮಾತ್ರಾ ಜಪಾನಿನ ವಶದಲ್ಲಿತ್ತು. ಅಲ್ಲಿನ ತೈಲವನ್ನು ಹಡಗುಗಳಲ್ಲಿ ಸಾಗಿಸುವುದರ ಮೇಲೆ ಜಪಾನಿನ ಯುದ್ಧಯಂತ್ರ ಅವಲಂಬಿಸಿತ್ತು. 1944ರ ಏಪ್ರಿಲ್ 19ರಂದು ಸುಮಾತ್ರಾದ ಉತ್ತರ ತುದಿಯ ಸಬಾಂಗ್ ಬಂದರಿನ ಮೇಲೆ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನವಾಹಕಗಳಿಂದ ದಾಳಿ ನಡೆದು, ತೈಲ ಸಂಗ್ರಹಾಗಾರಗಳು ಹೊತ್ತಿ ಉರಿದವು. ಜುಲೈ 25ರಂದು ಅದೇ ಬಂದರಿನ ಮೇಲೆ ಎರಡನೆಯ ದಾಳಿ ನಡೆದಾಗ ದೊಡ್ಡ ಹಡಗುಗಳು ಫಿರಂಗಿ ದಾಳಿಯನ್ನೂ ನಡೆಸಿದವು. ನೈಜೀರಿಯಾ ಎರಡೂ ಕಾರ್ಯಾಚರಣೆಗಳಲ್ಲಿ ಭಾಗವಹಿಸಿತ್ತು.

ಭಾರತಕ್ಕೆ ಹಸ್ತಾಂತರ

ಸ್ವಾತಂತ್ರ್ಯಾನಂತರ ಭಾರತ ಪಡೆದ ಮೊದಲ ಕ್ರೂಸರ್ ಐಎನ್‌ಎಸ್ ದೆಹಲಿ. ಅದು 1948ರಲ್ಲಿ ಸೇವೆಗೆ ಬಂದಿತ್ತು. ಎರಡನೆಯದಾಗಿ 1954ರಲ್ಲಿ ನೈಜೀರಿಯಾವನ್ನು ಕೊಳ್ಳಲಾಯಿತು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಹಡಗುಕಟ್ಟೆಯಲ್ಲಿ ವ್ಯಾಪಕವಾಗಿ ನವೀಕರಿಸಿದ ಬಳಿಕ 1957ರ ಆಗಸ್ಟ್ 29ರಂದು ಅದು ಐಎನ್‌ಎಸ್ ಮೈಸೂರು ಎಂಬ ಹೆಸರಿನಿಂದ ಭಾರತೀಯ ನೌಕಾಪಡೆಗೆ ಸೇರಿತು. 60 ಎಂಬ ಹಳೆಯ ಸಂಖ್ಯೆಯೇ ಮುಂದುವರಿಯಿತು.

ಒಡೆಯರ ಆಳ್ವಿಕೆಯ ಮೈಸೂರು ಸಂಸ್ಥಾನಕ್ಕೆ 1799ರ ನಂತರ ಸಮುದ್ರತೀರವೇ ಇರಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾದಾಗ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಸೇರಿ, ಮೈಸೂರು ರಾಜ್ಯಕ್ಕೆ ಕರಾವಳಿ ದೊರೆಯಿತು. ರಾಜ್ಯದ ಹೆಸರನ್ನು ಹೊತ್ತ ಯುದ್ಧನೌಕೆ ಸೇವೆಗೆ ಸೇರಿದ್ದು ಅದಾದ ಹತ್ತು ತಿಂಗಳಲ್ಲಿ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದರೂ ಹಡಗಿನ ಹೆಸರು ಬದಲಾಗಲಿಲ್ಲ.

1959ರಲ್ಲಿ ಸಿಂಹಳದ ಬಳಿ ಜಂಟಿ ಕವಾಯತಿನ ವೇಳೆ ಮೈಸೂರು ಮತ್ತು ಬ್ರಿಟಿಷ್ ಡೆಸ್ಟ್ರಾಯರ್ 'ಹೋಗ್' ಡಿಕ್ಕಿ ಹೊಡೆದವು. ಹೋಗ್ ತೀವ್ರ ಹಾನಿಗೊಳಗಾಗಿ, ಮುಂದೆ ಗುಜರಿಗೆ ಹೋಯಿತು.

ಅಂಜುದೀವ್ ಕಾರ್ಯಾಚರಣೆ, 1961

ಕಾರವಾರದ ದಕ್ಷಿಣಕ್ಕೆ, ಬಿಣಗಾ ತೀರದ ಎದುರಿಗಿರುವ ಅಂಜುದೀವ್ ಚಿಕ್ಕ ದ್ವೀಪ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದರು. ಎದುರಿನ ನೆಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ದ್ವೀಪ ಗೋವಾದ ಪೋರ್ಚುಗೀಸ್ ಆಡಳಿತದಲ್ಲೇ ಉಳಿದಿತ್ತು. 1961ರ ನವೆಂಬರ್‌ನಲ್ಲಿ ಸಮೀಪದಲ್ಲಿ ಸಾಗುತ್ತಿದ್ದ ಪ್ರಯಾಣಿಕರ ಹಡಗು 'ಸಾಬರಮತಿ'ಯ ಮೇಲೆ ದ್ವೀಪದಿಂದ ಗುಂಡು ಹಾರಿತು. ಮೀನುಗಾರರ ದೋಣಿಗಳ ಮೇಲೂ ಗುಂಡಿನ ದಾಳಿಯಾಯಿತು. ಕರಾವಳಿಯಲ್ಲಿ ಹುಟ್ಟಿದ ಆಕ್ರೋಶವು ಗೋವಾ ವಿಚಾರದಲ್ಲಿ ಸೈನಿಕ ಕ್ರಮಕ್ಕೆ ಒತ್ತಾಯವನ್ನು ಹೆಚ್ಚಿಸಿತು.

ಡಿಸೆಂಬರ್ 18ರಂದು 'ಆಪರೇಷನ್ ವಿಜಯ್' ಆರಂಭವಾದಾಗ ಅಂಜುದೀವನ್ನು ವಶಪಡಿಸಿಕೊಳ್ಳುವ ಕೆಲಸವನ್ನು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ನೌಕೆಗಳಿಗೆ ವಹಿಸಲಾಯಿತು. ಭಾರತಕ್ಕೆ ಆಗ ಪ್ರತ್ಯೇಕ ನೌಕಾ ಪದಾತಿದಳವಿರಲಿಲ್ಲ. ಹಡಗಿನ ನಾವಿಕರೇ ಬಂದೂಕು ಹಿಡಿದು ದಡಕ್ಕಿಳಿಯಬೇಕಾಯಿತು. ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಈ ತಂಡದ ನಾಯಕರು. ಭಾರತೀಯ ನೌಕಾಪಡೆಯ ವಿವರಣೆಯ ಪ್ರಕಾರ, ದ್ವೀಪದಲ್ಲಿ ಬಿಳಿ ಬಾವುಟ ಕಾಣಿಸಿಕೊಂಡ ನಂತರವೂ ದಡ ಸೇರುತ್ತಿದ್ದ ನಾವಿಕರ ಮೇಲೆ ಗುಂಡಿನ ಮಳೆಯಾಯಿತು. ಏಳು ನಾವಿಕರು ಹತರಾದರು. ಇಬ್ಬರು ಅಧಿಕಾರಿಗಳೂ ಸೇರಿ 19 ಮಂದಿ ಗಾಯಗೊಂಡರು.

ಅನಂತರ ಹಡಗುಗಳ ಫಿರಂಗಿಗಳು ಪೋರ್ಚುಗೀಸ್ ನೆಲೆಗಳ ಮೇಲೆ ತೀವ್ರ ದಾಳಿ ನಡೆಸಿದವು. ಮರುದಿನ, ಡಿಸೆಂಬರ್ 19ರ ಮಧ್ಯಾಹ್ನದ ಹೊತ್ತಿಗೆ ದ್ವೀಪ ಭಾರತದ ವಶವಾಯಿತು. ಅದೇ ದಿನ ಗೋವಾದ ಪೋರ್ಚುಗೀಸ್ ಆಡಳಿತವೂ ಶರಣಾಯಿತು. ಈ ಕಾರ್ಯಾಚರಣೆಯಲ್ಲಿ ಮಡಿದ ಏಳು ನಾವಿಕರ ಸ್ಮಾರಕವು ಗೋವಾದ ಐಎನ್‌ಎಸ್ ಗೋಮಂತಕ್ ನೆಲೆಯಲ್ಲಿದೆ. ಅಂಜುದೀವ್ ಇಂದಿಗೂ ಆಡಳಿತಾತ್ಮಕವಾಗಿ ಗೋವಾಕ್ಕೆ ಸೇರಿದೆ. ಆದರೆ 2005ರಲ್ಲಿ ಆರಂಭವಾದ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯ ಅಲೆತಡೆಗೋಡೆಯು ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸಿದೆ.

1971ರ ಯುದ್ಧ

1971ರ ಡಿಸೆಂಬರ್‌ನಲ್ಲಿ ಮೈಸೂರು ಪಶ್ಚಿಮ ನೌಕಾಬಲದ ನಾಯಕರಾದ ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ್ಲ ಅವರ ಧ್ವಜನೌಕೆಯಾಗಿ ಅರಬ್ಬಿ ಸಮುದ್ರದಲ್ಲಿತ್ತು. ಅಷ್ಟರಲ್ಲಿ ನೌಕಾಯುದ್ಧದ ಸ್ವರೂಪವೇ ಬದಲಾಗಿತ್ತು. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆದ 'ಟ್ರೈಡೆಂಟ್' ದಾಳಿಯನ್ನು ನಡೆಸಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು. ಅವುಗಳ ಸಂಚಾರ ವ್ಯಾಪ್ತಿ ಸೀಮಿತವಾಗಿದ್ದುದರಿಂದ ಕಿಲ್ತಾನ್, ಕಚ್ಚಲ್ ನೌಕೆಗಳ ಜೊತೆಗೆ 'ಪೋಷಕ್' ಎಂಬ ತೈಲನೌಕೆಯೂ ತಂಡದಲ್ಲಿತ್ತು. ಡಿಸೆಂಬರ್ 8ರ ರಾತ್ರಿಯ 'ಪೈಥಾನ್' ದಾಳಿಯಲ್ಲಿ ಕೆಮಾರಿಯ ತೈಲ ಸಂಗ್ರಹಾಗಾರಗಳಿಗೆ ಬೆಂಕಿ ಬಿದ್ದಿತು. ಪಾಕಿಸ್ತಾನ ನೌಕಾಪಡೆಯ ತೈಲನೌಕೆ 'ಢಾಕಾ' ಜಖಂಗೊಂಡಿತು. ಮರುರಾತ್ರಿ ಭಾರತದ ಐಎನ್‌ಎಸ್ ಖುಕ್ರಿ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ 18 ಅಧಿಕಾರಿಗಳು ಹಾಗೂ 176 ನಾವಿಕರೊಂದಿಗೆ ಮುಳುಗಿತು.

ನಿವೃತ್ತಿ ಮತ್ತು ಪರಂಪರೆ

1972ರಲ್ಲಿ ಮೈಸೂರು ಐಎನ್‌ಎಸ್ ಬಿಯಾಸ್ ನೌಕೆಗೆ ಡಿಕ್ಕಿ ಹೊಡೆಯಿತು. 1975ರಿಂದ ಅದನ್ನು ತರಬೇತಿ ನೌಕೆಯಾಗಿ ಬಳಸಲಾಯಿತು. 1985ರ ಆಗಸ್ಟ್ 20ರಂದು ಅದು ಸೇವೆಯಿಂದ ನಿವೃತ್ತವಾಯಿತು. ಬಳಿಕ ಹಡಗನ್ನು ಒಡೆಯಲಾಯಿತು.

ಅದೇ ಹೆಸರನ್ನು ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಿರ್ಮಾಣವಾದ ಡೆಸ್ಟ್ರಾಯರಿಗೆ ಇಡಲಾಯಿತು. ಈ ಎರಡನೆಯ ಐಎನ್‌ಎಸ್ ಮೈಸೂರು (ಡಿ60) 1999ರ ಜೂನ್ 2ರಂದು ಸೇವೆಗೆ ಸೇರಿತು. ಒಡೆಯರ ರಾಜಲಾಂಛನವಾಗಿದ್ದ, ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಇರುವ ಗಂಡಭೇರುಂಡ ಅದರ ಚಿಹ್ನೆ. ಎಂದಿಗೂ ಅಂಜದವನು ಎಂಬ ಅರ್ಥದ ಅದರ ಧ್ಯೇಯವಾಕ್ಯವನ್ನು ತೈತ್ತಿರೀಯ ಉಪನಿಷತ್ತಿನಿಂದ ಆರಿಸಲಾಗಿದೆ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ವಾಣಿಜ್ಯ ಹಡಗೊಂದನ್ನು ರಕ್ಷಿಸಿದ ಈ ನೌಕೆ 23 ಕಡಲ್ಗಳ್ಳರನ್ನು ಸೆರೆಹಿಡಿಯಿತು.

ಇವನ್ನೂ ನೋಡಿ

ಗೋವಾ ವಿಮೋಚನೆ
ಅಂಜುದೀವ್ ದ್ವೀಪ
ಐಎನ್‌ಎಸ್ ಕದಂಬ
ಗಂಡಭೇರುಂಡ